ಹಾಸು ತುಂಬಿದ ಮರುದಿನ

ಇವತ್ತು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ನಳಕ್ಕೆ ನೀರು ಬಂತು, ಎರಡು ಡ್ರಮ್ಮು, ಆರು ಕೊಡ ತುಂಬಿದೆ. ತಮ್ಮನ ಕಣ್ಣಿಗೆ ಮೊದಲನೇ ಡ್ರಾಪ್ಸ್ ಹಾಕಿ, ಐದು ನಿಮಿಷ ಬಿಟ್ಟು ಎರಡನೆಯದು ಹಾಕಿದೆ. ಆ ಐದು ನಿಮಿಷದಲ್ಲಿ ರೊಟ್ಟಿಗೆ ಹಿಟ್ಟು ನಾದಿದೆ. ಹನ್ನೊಂದು ರೊಟ್ಟಿ, ಬದನೆಕಾಯಿ ಪಲ್ಯ. ಕಣ್ಣೊರೆಸುವ ಬಟ್ಟೆಗಳನ್ನು ಕುದಿಸಿ ತಂತಿಗೆ ಹಾಕಿ, ಕೆಂಪು ಧೂಳು ಕೂರಬಾರದೆಂದು ಮೇಲೊಂದು ತೆಳು ಸೀರೆ ಮುಚ್ಚಿದೆ. ಒಂಬತ್ತೂವರೆಗೆ ಅಂಗನವಾಡಿಯ ಬೀಗ ತೆಗೆದೆ. ಹಾಜರಿಯ ಫೋಟೊ ಮೂರು ಸಲ ಮೊಬೈಲಿನಿಂದ ಹೋಗಲಿಲ್ಲ, ನಾಲ್ಕನೇ ಸಲ ಹೋಯಿತು. ನಾಲ್ಕು ಮಕ್ಕಳ ತೂಕ ನೋಡಿದೆ, ಒಂದು ಮಗು ಹೋದ ತಿಂಗಳಿಗಿಂತ ಇಳಿದಿದೆ. ಮೊಟ್ಟೆ ಬೇಯಿಸಿದೆ, ಸುಲಿದೆ, ಹಂಚಿದೆ. ಮನೆಗೆ ಬಂದು ತಮ್ಮನ ಅಂಗಿಗೆ ಎರಡು ಗುಂಡಿ ಹಚ್ಚಿದೆ. ಉಳಿದದ್ದು ಒಂದೇ ಕೆಲಸ. ಸಂಜೆ ಐದರೊಳಗೆ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ, ನನ್ನ ತಮ್ಮ ಎರಡನೇ ಸಲ ಆಪರೇಷನ್ನಿಗೆ ಬರುತ್ತಾನೋ ಇಲ್ಲವೋ ಹೇಳಬೇಕಿತ್ತು. ಅದನ್ನು ನಾಲ್ಕೂಮುಕ್ಕಾಲಿನವರೆಗೆ ತಳ್ಳುತ್ತಾ ಬಂದೆ.

ಯಾಕೆ ತಳ್ಳಿದೆ ಎಂಬುದನ್ನು ಮೊದಲಿಂದ ಬರೆಯಬೇಕು. ಬರೆದರೆ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದಾರೆ. ನನಗೆ ಆ ನಂಬಿಕೆ ಇಲ್ಲ. ಆದರೂ ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ. ನಮ್ಮ ಬಳಗದಲ್ಲಿ ಈಗಾಗಲೇ ಅದನ್ನು ಮೂರು ರೀತಿ ಹೇಳುತ್ತಿದ್ದಾರೆ, ಮೂರರಲ್ಲೂ ನನ್ನ ತಪ್ಪು ಸಣ್ಣದಾಗಿದೆ.

ನಾವು ನಾಲ್ಕು ಜನ. ಅಣ್ಣ ಸಂಡೂರಿನಲ್ಲಿದ್ದಾನೆ, ಗಣಿ ಕಂಪನಿಯ ಬಸ್ ಓಡಿಸುತ್ತಾನೆ. ಆಮೇಲೆ ನಾನು, ಹೊಸಪೇಟೆಯಲ್ಲಿ ಅಂಗನವಾಡಿ ಟೀಚರ್. ಯಜಮಾನರು ತೀರಿಕೊಂಡ ಮೇಲೆ ಒಂಟಿ. ತಂಗಿಯನ್ನು ಕಂಪ್ಲಿಗೆ ಕೊಟ್ಟಿದೆ, ಕಾಲುವೆ ಕೆಳಗಿನ ಗದ್ದೆ, ಎರಡು ಬೆಳೆ ಭತ್ತ. ಕೊನೆಯವನೇ ಈ ತಮ್ಮ. ಮದುವೆಯಾಗಲಿಲ್ಲ, ನನ್ನ ಜೊತೆಗೇ ಇದ್ದಾನೆ. ಗಾರೆ ಕೆಲಸದಲ್ಲಿ ಅವನ ಕೈ ಒಳ್ಳೆಯದು. ಹಂಪಿಯ ಹಳೆಯ ಮಂಟಪಗಳ ರಿಪೇರಿಗೆ ಸಿಮೆಂಟು ನಡೆಯುವುದಿಲ್ಲ, ಸುಣ್ಣವೇ ಆಗಬೇಕು. ಸುಟ್ಟ ಸುಣ್ಣದಕಲ್ಲನ್ನು ತೊಟ್ಟಿಗೆ ಹಾಕಿ ನೀರು ಬಿಟ್ಟು ಅರಳಿಸಬೇಕು, ವಾರಗಟ್ಟಲೆ ಕೊಳೆಸಬೇಕು, ಮರಳು, ಬೆಲ್ಲದ ನೀರು ಸೇರಿಸಿ ಅರೆಯಬೇಕು. ಅರೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ಅವನು ಹೆಬ್ಬೆರಳಿನಲ್ಲಿ ಒತ್ತಿ ಹೇಳುತ್ತಿದ್ದ. ಅವನ ಹೆಬ್ಬೆರಳು ಒಪ್ಪದಿದ್ದರೆ ಗುತ್ತಿಗೆದಾರರೂ ಒಪ್ಪುತ್ತಿರಲಿಲ್ಲ.

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ, ತೊಟ್ಟಿಯಲ್ಲಿ ಒಂದು ಗಡ್ಡೆ ಮಾತ್ರ ಅರಳದೆ ನಿಂತಿತ್ತು. ಯಾಕೆಂದು ನೋಡಲು ಇವನು ಬಗ್ಗಿದ. ಅದು ಅದೇ ಹೊತ್ತಿಗೆ ಸಿಡಿಯಿತು. ಕುದಿಯುವ ಸುಣ್ಣ ಎರಡೂ ಕಣ್ಣಿಗೆ. ಎದುರಿಗೇ ಹೊಳೆ ಹರಿಯುತ್ತಿತ್ತು. ಜೊತೆಯವರು ಗಾಬರಿಯಲ್ಲಿ ಕುಡಿಯುವ ಒಂದು ಬಾಟಲಿ ನೀರಿನಿಂದ ತೊಳೆದು, ತಂಪಾಗಲಿ ಎಂದು ಔಡಲೆಣ್ಣೆ ಬಿಟ್ಟು, ಕಟ್ಟಿಗೆ ಹೊರೆ ಕಟ್ಟಿದ ಹಾಗೆ ಟವೆಲ್ ಬಿಗಿದು ಕರೆತಂದರು. ಅವರನ್ನು ನಾನು ಬಯ್ಯಲಾರೆ. ಬಯ್ಯುವ ಹಕ್ಕು ನನಗೆ ಉಳಿದಿಲ್ಲ.

ಎಡಗಣ್ಣು ಬತ್ತಿಹೋಯಿತು. ಬಲಗಣ್ಣಿನ ಕಪ್ಪಿನ ಮೇಲೆ ಬಿಳಿ ಅಂಚಿನಿಂದ ಕೆಂಪು ಮಾಂಸ ತೆವಳಿ ಬಂದು ಮುಚ್ಚಿಕೊಂಡಿತು. ಬೆಳಕು ಇದೆ, ಕತ್ತಲೆ ಇದೆ, ಮುಂದೆ ಕೈ ಆಡಿಸಿದರೆ ಏನೋ ಆಡಿತು ಎಂದು ಗೊತ್ತಾಗುತ್ತದೆ, ಅಷ್ಟೆ. ಬಳ್ಳಾರಿಯಲ್ಲಿ ತೋರಿಸಿದೆವು, ಅಲ್ಲಿಂದ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು. ಸಂಜೆ ಹೊಸಪೇಟೆಯಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಮುಟ್ಟುವ ಊರು.

ಅಲ್ಲಿನ ಡಾಕ್ಟರು ಹೇಳಿದ್ದು ಹೀಗೆ. ಒಳಗಿನ ಕಣ್ಣು ಚೆನ್ನಾಗಿದೆ, ಕಿಟಕಿ ಮಾತ್ರ ಮುಚ್ಚಿದೆ. ಕಣ್ಣಿನ ಬಿಳಿ ಮತ್ತು ಕಪ್ಪು ಕೂಡುವ ಕಡೆ ಒಂದು ಸುತ್ತು ಇರುತ್ತದೆ, ಅದರೊಳಗೆ ಕಣ್ಣಿಗೆ ದಿನವೂ ಹೊಸ ಚರ್ಮ ಹುಟ್ಟಿಸುವ ಕೋಶಗಳು ಇರುತ್ತವೆ. ಸ್ಟೆಮ್ ಸೆಲ್ ಅನ್ನುತ್ತಾರೆ, ಪೇಪರಿನವರು ಆಕರಕೋಶ ಎಂದು ಬರೆಯುತ್ತಾರೆ. ಇವನಿಗೆ ಎರಡು ಕಣ್ಣಿನಲ್ಲೂ ಅವು ಸುಟ್ಟಿವೆ. ಒಡಹುಟ್ಟಿದವರು ಯಾರಾದರೂ ತಮ್ಮ ಕಣ್ಣಿನ ಅಂಚಿನಿಂದ ಅಕ್ಕಿ ನುಚ್ಚಿಗಿಂತ ಸಣ್ಣ ತುಂಡು ಕೊಟ್ಟರೆ, ಲ್ಯಾಬಿನಲ್ಲಿ ಅದನ್ನು ಬೆಳೆಸಿ, ಹಾಳೆಯ ಹಾಗೆ ಮಾಡಿ, ಇವನ ಕಣ್ಣಿನ ಮೇಲೆ ಕೂರಿಸಬಹುದು. ಕೊಟ್ಟವರ ಕಣ್ಣಿಗೆ ತೊಂದರೆಯಿಲ್ಲ. ಇದಿನ್ನೂ ಪ್ರಯೋಗದ ಚಿಕಿತ್ಸೆ, ಆದರೆ ಇವನಿಗೆ ಬೇರೆ ದಾರಿಯೂ ಇಲ್ಲ.

ಮೂವರೂ ರಕ್ತ ಕೊಟ್ಟೆವು. ಅಣ್ಣನದು ಪೂರಾ ಹೊಂದಿತು. ನನ್ನದು ಅರ್ಧ. ತಂಗಿಯದು ಅದೂ ಇಲ್ಲ.

ರಕ್ತದ ರಿಪೋರ್ಟಿನ ಕಾಗದ ಹಿಡಿದು ನಾನೇ ಸಂಡೂರಿಗೆ ಹೋದೆ. ಅಣ್ಣ ಆಗ ತಾನೇ ಯಶವಂತನಗರದಲ್ಲಿ ಪಾಳಿಯವರನ್ನು ಇಳಿಸಿ ಬಂದಿದ್ದ. ಕೈಕಾಲು ತೊಳೆದು ಕೂತ. ಅತ್ತಿಗೆ ಚಹಾದ ಲೋಟವನ್ನು ನನ್ನ ಮುಂದೆ ಕುಕ್ಕಿದಳು.

"ಕಣ್ಣಂದ್ರ ಏನು ಹೀರಿಕಾಯೇನು, ತುದಿ ಕೊಯ್ದು ಕೊಡಾಕ?" ಅಂದಳು.

"ನುಚ್ಚಿನಕಿಂತ ಸಣ್ಣದಂತ್ರೀ ಅತ್ತಿಗಿ. ಹತ್ತು ನಿಮಿಷದ ಕೆಲಸಂತ."

"ಹತ್ತು ನಿಮಿಷದಾಗ ನಿಮ್ಮ ತಮ್ಮನ ಎರಡು ಕಣ್ಣು ಹೋಗಲಿಲ್ಲೇನು?"

ಅಣ್ಣ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ವರ್ಷಾ ವರ್ಷಾ ಕಂಪನಿ ಡಾಕ್ಟರು ನನ್ನ ಕಣ್ಣು ನೋಡಿ ಫಿಟ್ ಅಂತ ಬರೀಬೇಕು. ಬಸ್ ತುಂಬ ಮಂದೀನ ಕುಂದರಿಸ್ಕೊಂಡು ದಿನಾ ಘಾಟಿ ಇಳೀತೀನಿ. ಏನಾರ ಹೆಚ್ಚುಕಮ್ಮಿ ಆದ್ರ?"

"ಏನೂ ಆಗಲ್ಲಂತ ಬರದು ಕೊಡ್ತಾರಂತ ಅಣ್ಣ."

"ಬರದು ಕೊಟ್ಟ ಕಾಗದ ಗಾಜಿಗೆ ಹಚ್ಚಿ ಬಸ್ ಓಡಸ್ಲೇನು?"

ಅವನ ಭಯ ಸುಳ್ಳಲ್ಲ. ಬಸ್ ಸ್ಟ್ಯಾಂಡಿಗೆ ಬಿಡಲು ಬಂದವನು, "ನೋಡಾನು ತಡಿ" ಅಂದ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಇಲ್ಲ ಅನ್ನುವುದಿಲ್ಲ. ಅಣ್ಣ ನೋಡಾನು ಅನ್ನುತ್ತಾನೆ. ನಾನು ಹೂಂ ಅನ್ನುತ್ತೇನೆ. ಎರಡರ ಅರ್ಥವೂ ಮುಂದೆ ತಾನೇ ತಿಳಿಯುತ್ತದೆ.

ಹೀಗೆ ತುಂಡು ಕೊಡುವುದು ನನ್ನ ಪಾಲಿಗೆ ಬಂತು. ಅರ್ಧ ಹೊಂದುವುದರಿಂದ ತಮ್ಮ ಹೆಚ್ಚು ದಿನ ಮಾತ್ರೆ ನುಂಗಬೇಕಾಗುತ್ತದೆ ಅಂದರು, ಇರಲಿ ಅಂದೆವು. ನನ್ನ ಬಲಗಣ್ಣಿಗೆ ಮರಗಟ್ಟಿಸುವ ಔಷಧಿ ಹಾಕಿ ತೆಗೆದರು. ನೋವಾಗಲಿಲ್ಲ. ಎರಡು ದಿನ ಈರುಳ್ಳಿ ಹೆಚ್ಚಿದ ಹಾಗೆ ನೀರು ಸುರಿಯಿತು.

ತುಂಡು ತೆಗೆದ ಮಾರನೇ ದಿನ ಲ್ಯಾಬಿನ ಡಾಕ್ಟರಮ್ಮ ನನ್ನನ್ನು ಒಂದು ಪರದೆಯ ಮುಂದೆ ಕೂರಿಸಿದರು. ಸಣ್ಣ ವಯಸ್ಸು. ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕು. ಅವರ ಮುಖವನ್ನು ನಾನು ಇವತ್ತಿಗೂ ಪೂರ್ತಿ ನೋಡಿಲ್ಲ. ಪರದೆಯ ಮೇಲೆ ಬೂದಿಬಣ್ಣದ ಬಯಲು, ಅದರ ನಡುವೆ ಅಲ್ಲಲ್ಲಿ ಸಜ್ಜೆ ಚೆಲ್ಲಿದ ಹಾಗೆ ದುಂಡಗಿನ ಚುಕ್ಕಿಗಳು.

"ಇವು ನಿಮ್ಮವು ಅಮ್ಮಾ," ಅಂದರು. "ನೀವು ಕೊಟ್ಟ ತುಂಡಿನಲ್ಲಿ ಎಲ್ಲ ಥರದ ಕೋಶಗಳೂ ಇರ್ತವೆ. ನಮಗೆ ಬೇಕಾದ್ದು ಸ್ವಲ್ಪ. ಕೈಯಿಂದ ಆರಿಸೋಕಾಗಲ್ಲ. ಆರಿಸೋ ಕೆಲಸ ಈ ಹಾಸು ಮಾಡುತ್ತೆ."

ಹಾಸು ಎಂದು ಅವರು ಕರೆದದ್ದು ಆ ಬೂದಿ ಬಯಲನ್ನು. ರೇಷ್ಮೆಗೂಡಿನ ಗೋಂದನ್ನು ತೆಗೆದು, ಉಳಿದ ಎಳೆಯನ್ನು ಕರಗಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹರವಿದ್ದಂತೆ. ಅದರ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ. ಬೇಕಾದ ಕೋಶಗಳು ಆ ಲೇಪವನ್ನು ಬೇಗ ಹಿಡಿದುಕೊಳ್ಳುತ್ತವೆ, ಬೇಡದವು ಹಿಡಿಯುವ ಮೊದಲೇ ತೊಳೆದುಬಿಡುತ್ತಾರೆ.

"ಬರೀ ತಟ್ಟ್ಯಾಗ ಬಿಟ್ರ ಬೆಳಿಯಂಗಿಲ್ಲೇನ್ರಿ?" ಎಂದು ಕೇಳಿದೆ.

"ಬೆಳೀತವೆ. ಆದ್ರೆ ಗಟ್ಟಿ ಪ್ಲಾಸ್ಟಿಕ್ ಮೇಲೆ ಕೂತರೆ ತಾವು ಯಾರು ಅನ್ನೋದನ್ನ ಮರೆತುಬಿಡ್ತವೆ. ಕಣ್ಣಿನಲ್ಲಿ ಅವು ಮೆತ್ತಗಿನ ಜಾಗದಲ್ಲಿ ಇದ್ದವು. ಅಂಥದ್ದೇ ಮೆತ್ತಗೆ ಇದ್ದರೆ ಮಾತ್ರ ನೆನಪಿರುತ್ತೆ. ಮೊದಲು ಇದಕ್ಕೆ ಹೆರಿಗೆ ಆದವರ ಮಾಸಿನ ಪೊರೆ ಬಳಸ್ತಿದ್ವಿ. ಒಬ್ಬರದಿದ್ದ ಹಾಗೆ ಇನ್ನೊಬ್ಬರದು ಇರ್ತಿರಲಿಲ್ಲ. ಈಗ ನಾವೇ ಮಾಡ್ಕೊಳ್ತೀವಿ, ಎಷ್ಟು ಮೆತ್ತಗೆ ಬೇಕೋ ಅಷ್ಟು."

ಆಮೇಲೆ ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತು, ಮಕ್ಕಳಿಗೆ ಹೇಳುವ ಹಾಗೆ ನಿಧಾನಕ್ಕೆ ಹೇಳಿದರು. ಆ ಮಾತುಗಳನ್ನು ಬಿಡದೆ ಬರೆಯುತ್ತೇನೆ.

"ಹಾಸು ತುಂಬೋ ತನಕ ಅವಕ್ಕೆ ಹುಟ್ಟಿಸೋ ಕೆಲಸ ಇರುತ್ತೆ ಅಮ್ಮಾ. ತುಂಬಿದ ಮೇಲೆ ಜಾಗ ಇರಲ್ಲ. ಹಾಗೇ ಬಿಟ್ಟರೆ ಬರೀ ಚರ್ಮ ಆಗಿ ಮುಗಿದುಹೋಗ್ತವೆ. ಎರಡು ವಾರದ ಆಸುಪಾಸಿನಲ್ಲಿ ತುಂಬುತ್ತೆ. ತುಂಬಿದ ದಿನ ಫೋನ್ ಮಾಡ್ತೀವಿ. ಮಾರನೇ ದಿನ ಬೆಳಿಗ್ಗೆ ನೀವಿಲ್ಲಿ ಇರಬೇಕು. ಬೆಳಗಿನ ಜಾವವೇ ತಟ್ಟೆಯಿಂದ ಬಿಡಿಸಿಡ್ತೀವಿ. ಬಿಡಿಸಿದ ಮೇಲೆ ಕೆಲವೇ ಗಂಟೆ. ಗೊತ್ತಾಯ್ತಾ?"

"ಹೂಂ ರೀ," ಅಂದೆ. ನಿಜವಾಗಿಯೂ ಗೊತ್ತಾಗಿತ್ತು.

ಆ ಎರಡು ವಾರ ಅಲ್ಲೇ ಉಳಿದುಕೊಳ್ಳಿ ಎಂದೂ ಹೇಳಿದರು, ಆಸ್ಪತ್ರೆಯ ಹಿಂದೆ ಜಾಗ ಇತ್ತು. ನನಗೆ ರಜೆ ಇರಲಿಲ್ಲ, ತಿಂಗಳ ಕೊನೆಯ ವರದಿ ಬಾಕಿ ಇತ್ತು. ತಮ್ಮನೊಬ್ಬನನ್ನೇ ಬಿಡಲು ಮನಸ್ಸು ಬರಲಿಲ್ಲ. ಊರಿಗೆ ಬಂದೆವು.

ಹದಿಮೂರನೇ ದಿನ, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ನಾನು ಅಂಗನವಾಡಿಯಲ್ಲಿ ಮಕ್ಕಳ ಕೈ ತೊಳೆಸುತ್ತಿದ್ದೆ. ಆಸ್ಪತ್ರೆಯ ಹುಡುಗಿ, "ಅಮ್ಮಾ, ರೆಡಿ ಆಗಿದೆ. ಇವತ್ತು ಸಂಜೆ ರೈಲು ಹತ್ತಿಬಿಡಿ, ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್," ಅಂದಳು. "ಹೂಂ ರೀ, ಬರ್ತೀವ್ರಿ," ಅಂದೆ. ಖುಷಿಗೆ ಒದ್ದೆ ಕೈಯಲ್ಲೇ ಫೋನ್ ಹಿಡಿದುಕೊಂಡು ನಿಂತಿದ್ದೆ.

ಕಾಲು ಗಂಟೆ ಕಳೆದಿರಲಿಲ್ಲ, ಅಣ್ಣನ ಫೋನ್. ಪಾಪಿನಾಯಕನಹಳ್ಳಿಯ ದೊಡ್ಡಪ್ಪ ತೀರಿಕೊಂಡಿದ್ದ. ಅಪ್ಪ ಹೋದ ಮೇಲೆ ನಮ್ಮ ನಾಲ್ವರನ್ನೂ ತನ್ನ ಮಕ್ಕಳ ಸಾಲಿನಲ್ಲಿ ಕೂರಿಸಿ ಉಣ್ಣಿಸಿದವನು ಅವನು.

"ಮಣ್ಣು ನಾಳೆ ಮಧ್ಯಾಹ್ನ ಹನ್ನೆರಡಕ್ಕ," ಅಂದ ಅಣ್ಣ. "ತಮ್ಮನ್ನೂ ಕರಕೊಂಡು ಬಾ."

"ಅಣ್ಣ, ಆಸ್ಪತ್ರಿಯಿಂದ ಫೋನ್ ಬಂದಿತ್ತು. ನಾಳೆ ಬರ್ರಿ ಅಂದಾರ."

"ಆಸ್ಪತ್ರಿ ಎಲ್ಲಿಗೂ ಓಡಿಹೋಗಂಗಿಲ್ಲ. ಮಣ್ಣು ಮುಗಿಸಿ ಸಂಜಿಗೆ ಹೋಗ್ರಿ. ಒಂದು ದಿನಕ್ಕ ಏನಾಗ್ತದ? ಸಾಕಿದವನ ಮಣ್ಣಿಗೆ ಮಕ್ಕಳು ಬರಲಿಲ್ಲಂದ್ರ ಜನ ಮಕಕ್ಕ ಉಗುಳ್ತಾರ."

"ಹೂಂ," ಅಂದೆ.

ಹೀಗೆ ಒಂದೇ ಬೆಳಿಗ್ಗೆ ಎರಡು ಕಡೆಗೆ ಹೂಂ ಅಂದೆ. ನಮ್ಮ ಕಡೆಯವರಿಗೆ ಇದು ಗೊತ್ತು. ಮದುವೆಗೆ ಬರಲಿಲ್ಲವೆಂದರೆ ಒಂದು ವರ್ಷ ಸಿಟ್ಟು, ಮಣ್ಣಿಗೆ ಬರಲಿಲ್ಲವೆಂದರೆ ಮಾತೇ ಮುಗಿಯಿತು. ಆದರೆ ನಾನು ಆಸ್ಪತ್ರೆಗೆ ತಿರುಗಿ ಫೋನ್ ಮಾಡಿ, ಹೀಗೆ ಸಾವಾಗಿದೆ, ನಾಳೆ ಆಗುವುದಿಲ್ಲ, ಹಾಳೆ ಬಿಡಿಸಬೇಡಿ ಎಂದು ಹೇಳಬಹುದಿತ್ತು. ಬೇರೆ ಉಪಾಯ ಇದೆಯಾ ಎಂದಾದರೂ ಕೇಳಬಹುದಿತ್ತು. ಮಾಡಲಿಲ್ಲ. ಅಷ್ಟು ದೊಡ್ಡ ಆಸ್ಪತ್ರೆಯವರಿಗೆ ಈಗ ಹೂಂ ಎಂದು ಈಗಲೇ ಇಲ್ಲ ಅನ್ನುವುದು ಹೇಗೆ ಎಂಬ ಸಂಕೋಚ. ಸಂಜೆ ಹೇಳಿದರಾಯಿತು ಅಂದುಕೊಂಡೆ. ಸಂಜೆಗೆ ಸಾವಿನ ಮನೆಯಲ್ಲಿದ್ದೆ. ಇಲ್ಲದಿದ್ದರೆ ಹೋಗಿ ಕೈಮುಗಿದರಾಯಿತು ಅಂದುಕೊಂಡೆ. ನಾನು ಕಂಡ ಜಗತ್ತು ತಾಲೂಕು ಆಫೀಸು, ಬ್ಯಾಂಕು, ನಮ್ಮ ಇಲಾಖೆ. ಎಲ್ಲ ಕಡೆಯೂ ಒಂದು ದಿನ ತಡವಾಗಿ ಹೋಗಿದ್ದೇನೆ, ಬಯ್ಯಿಸಿಕೊಂಡಿದ್ದೇನೆ, ಕೆಲಸ ಮಾಡಿಸಿಕೊಂಡು ಬಂದಿದ್ದೇನೆ. ಒಂದು ದಿನ ಕಾಯದೇ ಇರುವ ವಸ್ತುವನ್ನು ನಾನು ನೋಡಿರಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಬಳಗದವರು ಹೇಳುವ ಮೂರು ಕತೆಯಲ್ಲೂ ಇದು ಇಲ್ಲ. ಮನೆಗೆ ಬಂದಾಗ ತಮ್ಮ ಕೇಳಿದ, "ಅಕ್ಕಾ, ಆಸ್ಪತ್ರಿಯವರು ಏನರ ಅಂದ್ರೇನು? ದಿನ ಆತಲ್ಲ?"

"ನಾಡಿದ್ದು ಬರ್ರಿ ಅಂದ್ರಪ್ಪ," ಅಂದೆ.

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನಾಳೆ ಎಂದಿದ್ದರೆ ಅವನು ಹಟ ಮಾಡುತ್ತಿದ್ದ, ಅಣ್ಣನಿಗೂ ಅವನಿಗೂ ಬೀಳುತ್ತಿತ್ತು, ಸಾವಿನ ಮನೆಯಲ್ಲಿ ಜಗಳ ಬೇಡ ಅನಿಸಿತು. ಜಗಳ ತಪ್ಪಿಸುವುದರಲ್ಲೇ ನನ್ನ ಆಯುಷ್ಯ ಹೋಗಿದೆ. ಜನ ಅದಕ್ಕೆ ತಾಳ್ಮೆಯವಳು ಅನ್ನುತ್ತಾರೆ.

ಬುಧವಾರ ದೊಡ್ಡಪ್ಪನ ಮಣ್ಣು. ಬ್ಯಾಗನ್ನು, ಅದರೊಳಗಿನ ಫೋನನ್ನು ದೊಡ್ಡಮ್ಮನ ಕೋಣೆಯಲ್ಲಿಟ್ಟು ಹೊಲದವರೆಗೆ ನಡೆದುಹೋದೆವು. ತಮ್ಮ ನನ್ನ ಹೆಗಲು ಹಿಡಿದಿದ್ದ. ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಅವನನ್ನು ಕುಣಿಯ ಅಂಚಿಗೆ ನಿಲ್ಲಿಸಿದೆ. ಅವನು ಎಸೆದ ಮಣ್ಣು ಎದುರು ನಿಂತಿದ್ದ ಅಣ್ಣನ ಪಾದದ ಮೇಲೆ ಬಿತ್ತು.

"ಲೇ, ನಾ ಇನ್ನಾ ಅದೀನಲೇ! ಕೆಳಗ ಹಾಕು, ಕೆಳಗ," ಅಂದ ಅಣ್ಣ. ಅಳುತ್ತಿದ್ದವರೂ ನಕ್ಕರು. ತಮ್ಮನೂ ನಕ್ಕ. "ತಡಿ ಅಣ್ಣ, ಮುಂದಿನ ಸಲ ನೋಡಿ ಹಾಕ್ತೀನಿ," ಅಂದ. ಆ ಮಾತಿಗೆ ಮತ್ತೊಮ್ಮೆ ನಕ್ಕರು. ನಾನೂ ನಕ್ಕೆ.

ಸ್ನಾನ ಮಾಡಿ ಬಂದು ಬ್ಯಾಗ್ ತೆಗೆದಾಗ ಫೋನಿನಲ್ಲಿ ಏಳು ಕರೆಗಳು ಬಂದು ನಿಂತಿದ್ದವು. ಎಲ್ಲವೂ ಆಸ್ಪತ್ರೆಯವು. ಮೊದಲನೆಯದು ಬೆಳಿಗ್ಗೆ ಏಳೂವರೆಗೆ. ಸಾವಿನ ಮನೆಯ ಗದ್ದಲದಲ್ಲಿ ಒಂದೂ ಕೇಳಿಸಿರಲಿಲ್ಲ. ತಿರುಗಿ ಮಾಡಲಿಲ್ಲ. ಹೇಗೂ ಸಂಜೆ ಹೊರಟಿದ್ದೇವಲ್ಲ ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಇಬ್ಬರನ್ನೂ ಅದೇ ಪರದೆಯ ಮುಂದೆ ಕೂರಿಸಿದರು. ನೋಡಬೇಕಾದವನು ಕಾಣದವನು, ಕಂಡವಳು ನಾನು. ಮೊದಲು ಮಂಗಳವಾರದ ಚಿತ್ರ ಹಾಕಿದರು. ಹಾಸು ತುಂಬಿತ್ತು. ಒಂದಕ್ಕೊಂದು ಒತ್ತಿ ಕೂತ ಸಣ್ಣ ಸಣ್ಣ ಕಾಳು, ಮಧ್ಯೆ ಸೂಜಿಮೊನೆಯಷ್ಟೂ ತೆರವಿಲ್ಲ. ಆಮೇಲೆ ಆವತ್ತಿನದು. ಕಾಳುಗಳು ಅಗಲವಾಗಿ, ಚಪ್ಪಟೆಯಾಗಿ, ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಬಿರಿದಿದ್ದವು. ಒಂದು ಅಂಚು ಸುರುಳಿ ಸುತ್ತಿಕೊಂಡಿತ್ತು.

"ನಿನ್ನೆ ಬೆಳಗಿನ ಜಾವ ಬಿಡಿಸಿಬಿಟ್ಟಿದ್ವಿ ಅಮ್ಮಾ," ಅಂದರು. "ನೀವು ಬರ್ತೀನಿ ಅಂದಿದ್ರಲ್ಲ. ಮತ್ತೆ ಹಾಸಿನ ಮೇಲೆ ಕೂರಿಸಿ ನೋಡಿದ್ವಿ. ಹಿಡೀಲಿಲ್ಲ."

ತಮ್ಮ ನನ್ನ ಕಡೆ ಮುಖ ತಿರುಗಿಸಿದ. "ನಿನ್ನೆ?" ಅಂದ. "ನಿನ್ನೆ ಬರ್ರಿ ಅಂದಿದ್ರೇನು?"

ಡಾಕ್ಟರಮ್ಮ ನನ್ನನ್ನೇ ನೋಡಿದರು. "ಅವತ್ತು ನಾನು ಹೇಳಿದ್ದು ನಿಮಗೆ ಅರ್ಥ ಆಗಿರಲಿಲ್ವಾ?"

ಇಲ್ಲ ಎಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಹಳ್ಳಿಯ ಹೆಂಗಸು, ತಿಳಿಯಲಿಲ್ಲ ಎಂದು ಎಲ್ಲರೂ ಬಿಟ್ಟುಬಿಡುತ್ತಿದ್ದರು. "ಆಗಿತ್ರಿ," ಅಂದೆ. ಅದೊಂದನ್ನು ಆವತ್ತು ನಿಜ ಹೇಳಿದೆ.

ಊರಿಗೆ ಬಂದ ವಾರಕ್ಕೆ ಕಂಪ್ಲಿಯ ತಂಗಿ ಬಂದಳು, ಹೊಸ ಅಕ್ಕಿ ಹೊತ್ತುಕೊಂಡು. ಅವಳಿಗೆ ಎಲ್ಲ ಬಿಡಿಸಿ ಹೇಳಿದೆ, ಹಾಸು, ತುಂಬುವುದು, ತುಂಬಿದ ಮೇಲೆ ಹಾಳಾಗುವುದು. ಮೊರದಲ್ಲಿ ಆಡುತ್ತಿದ್ದ ಅವಳ ಕೈ ನಿಂತಿತು.

"ಅಕ್ಕಾ, ಸಸಿ ಮಡಿ ಅಲ್ಲೇನು ಅದು? ಕಾಲಿವಿ ನೀರು ತಡ ಆತಂದ್ರ ಮಡ್ಯಾಗ ಸಸಿ ಬಲೀತದ, ಗಣ್ಣು ಬಿಡ್ತದ. ಆಮ್ಯಾಲೆ ನಾಟಿ ಮಾಡಿದ್ರ ಹುಲ್ಲು ಬರ್ತದ, ತೆನಿ ಬರಂಗಿಲ್ಲ. ಎಷ್ಟು ವರ್ಷ ನಾಟಿಗೆ ಬಂದಿ ನಮ್ಮ ಗದ್ದಿಗೆ? ನೀನ ನಿಂತು ಬೈದಿದ್ದಿ ಆಳುಗಳ್ನ, ಮಡಿ ಕಾಯಂಗಿಲ್ಲ ಜಲ್ದಿ ಬರ್ರಿ ಅಂತ."

ಹೌದು, ಬೈದಿದ್ದೆ. ಪ್ರತಿ ವರ್ಷ ಬೈದಿದ್ದೆ. ಬೇರೆಯವರ ಭತ್ತದ ವಿಷಯದಲ್ಲಿ ನಾನು ಯಾವತ್ತೂ ಹೂಂ ಅಂದವಳಲ್ಲ.

ಆಮೇಲಿನ ಒಂದೂವರೆ ವರ್ಷದಲ್ಲಿ ಬರೆಯುವಂಥದ್ದು ಕಡಿಮೆ. ಅಣ್ಣ ಸಂಡೂರಿನಿಂದ ಸೀತಾಫಲದ ಕಾಲದಲ್ಲಿ ಯಾರದೋ ಕೈಯಲ್ಲಿ ಒಂದು ಬುಟ್ಟಿ ಕಳಿಸುತ್ತಾನೆ, ತಾನು ಬರುವುದಿಲ್ಲ. ತಮ್ಮ ನನ್ನ ಜೊತೆ ಮಾತಾಡುತ್ತಾನೆ. ನೀರು ಬಂತು, ಬಾಗಿಲು ಬಡಿದರು, ಉಪ್ಪು ಕಡಿಮೆ, ಇಂಥವು. ಆ ಗುರುವಾರದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಊಟದ ತಟ್ಟೆ ಕೊಟ್ಟಾಗ ನನ್ನ ಬೆರಳು ತಗುಲದಂತೆ ಆಚೆ ಅಂಚನ್ನು ಹಿಡಿಯುತ್ತಾನೆ. ಕಾಣದವನಿಗೆ ಅದು ಹೇಗೆ ಸಾಧ್ಯವಾಗುತ್ತದೋ.

ಹೋದ ಸೋಮವಾರ ಡಾಕ್ಟರಮ್ಮನೇ ಫೋನ್ ಮಾಡಿದರು. ಹಾಸನ್ನು ಇನ್ನಷ್ಟು ಸುಧಾರಿಸಿದ್ದಾರಂತೆ, ಮೊದಲಿಗಿಂತ ಸಣ್ಣ ತುಂಡು ಸಾಕಂತೆ. ನನ್ನ ಎಡಗಣ್ಣಿನಿಂದ ತೆಗೆಯಬಹುದು. ಆದರೆ ತಮ್ಮನ ಕಣ್ಣಿನ ಮೇಲಿನ ಮಾಂಸ ಈಗ ದಪ್ಪವಾಗಿದೆ, ಅವತ್ತು ಇದ್ದಷ್ಟು ಭರವಸೆ ಇವತ್ತಿಲ್ಲ ಎಂದು ಮುಚ್ಚಿಡದೆ ಹೇಳಿದರು. ಶುಕ್ರವಾರ ಸಂಜೆ ಐದರೊಳಗೆ ಉತ್ತರ ಬೇಕು. ತಮ್ಮನಿಗೆ ಅಂದೇ ಎಲ್ಲ ಹೇಳಿದೆ, ಒಂದಕ್ಷರ ಹೆಚ್ಚು ಕಡಿಮೆ ಮಾಡದೆ. ಅವನು ಕೇಳಿಸಿಕೊಂಡು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಇವತ್ತೇ ಆ ಶುಕ್ರವಾರ.

ನಾಲ್ಕೂಮುಕ್ಕಾಲಿಗೆ ಫೋನ್ ಕೈಯಲ್ಲಿ ಹಿಡಿದು ಅವನ ಹತ್ತಿರ ಹೋದೆ. ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದ.

"ಹದಿನೈದು ನಿಮಿಷ ಐತಪ್ಪ. ಏನ್ ಹೇಳ್ಲಿ?"

"ಅಣ್ಣನ್ನ ಕೇಳಿದೇನು?"

"ಕೇಳ್ದೆ."

"ನೋಡಾನು ಅಂದಿರಬೇಕಲ್ಲ?"

"ಹಂಗ ಅಂದ."

ಮೂಗಿನಲ್ಲೇ ನಕ್ಕ. ಎದುರು ಮನೆಯ ಮಿಕ್ಸರ್ ತಿರುಗಿ ನಿಂತಿತು.

"ನೀ ಕಣ್ಣು ಕೊಟ್ಟಿ ಅಕ್ಕಾ," ಅಂದ. "ಅದನ್ನ ನಾ ಇಲ್ಲ ಅನ್ನಂಗಿಲ್ಲ. ಒಂದು ದಿನ ಕೊಡಲಿಲ್ಲ."

ನಾನು ಫೋನಿನ ಗಾಜನ್ನು ಸೆರಗಿನಿಂದ ಒರೆಸಿದೆ.

"ಮಣ್ಣಿಗೆ ಹೋಗಿದ್ದಕ್ಕ ಸಿಟ್ಟಿಲ್ಲ. ದೊಡ್ಡಪ್ಪ ನನಗೂ ಉಣ್ಣಾಕ ಹಾಕ್ಯಾನ. ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ಕಣ್ಣು ಬಂದ ಮ್ಯಾಲೆ ಅವನ ಸಮಾಧಿಗೆ ಹೋಗಿ ಮಣ್ಣು ಹಾಕ್ತೀನಿ ಅಂತಿದ್ದೆ. ನೀ ಕೇಳಲಿಲ್ಲ. ಕುರುಡ ಅದಾನ, ಎತ್ತ ಕರಕೊಂಡು ಹೋದ್ರೂ ಬರ್ತಾನ ಅಂದ್ಕೊಂಡಿ."

"ಹಂಗಲ್ಲಪ್ಪ..."

"ಹಂಗ. ಫೋನ್ ಹಚ್ಚು, ನಾನ ಮಾತಾಡ್ತೀನಿ."

ಹಚ್ಚಿ ಅವನ ಕೈಗೆ ಕೊಟ್ಟೆ. ಡಾಕ್ಟರಮ್ಮನ ಮಾತು ನನಗೆ ಕೇಳಿಸಲಿಲ್ಲ, ಇವನದು ಮಾತ್ರ ಕೇಳಿಸಿತು.

"ಬರ್ತೀನ್ರಿ ಮೇಡಮ್ಮರೇ. ಆಗ್ತದೋ ಇಲ್ಲೋ ನನಗೂ ಗೊತ್ತೈತ್ರಿ, ಆಗಲಿಲ್ಲಂದ್ರ ನಿಮ್ಮನ್ನೇನು ಅನ್ನಂಗಿಲ್ಲ. ಒಂದ ಮಾತು ರೀ. ಅಕ್ಕನ ಕಣ್ಣಿಂದ ತುಂಡು ತಗದ ದಿನದಿಂದ ಆ ಹಾಸು ತುಂಬೋ ತನಕ ನಾ ಅಲ್ಲೇ ಇರ್ತೀನ್ರಿ. ವರಾಂಡದಾಗ ಮಲಗು ಅಂದ್ರೂ ಮಲಗ್ತೀನಿ. ಊರಿಗೆ ಕಳಸಬ್ಯಾಡ್ರಿ. ರೆಡಿ ಆತಂದ್ರ ನನಗ ಹೇಳ್ರಿ, ನನಗೊಬ್ಬನಿಗ. ಅಕ್ಕಗ ಫೋನ್ ಮಾಡಬ್ಯಾಡ್ರಿ."

ಫೋನನ್ನು ನನಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟ.

"ತುಂಡು ಕೊಟ್ಟು ನೀ ಊರಿಗೆ ವಾಪಸ್ ಬಾ," ಅಂದ. "ನಡುವ ಯಾರು ಸತ್ರೂ ನನಗ ಹೇಳಬ್ಯಾಡ. ಅಣ್ಣ ಸತ್ರೂ ಬರಂಗಿಲ್ಲ. ನೀ ಸತ್ರೂ ಬರಂಗಿಲ್ಲ."

"ಬರಬ್ಯಾಡ," ಅಂದೆ.

ಅವನು ತಲೆ ಆಡಿಸಿದ. ಒಂದೂವರೆ ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಇದೊಂದಕ್ಕೆ. ನಾನು ಒಳಗೆ ಬಂದು ಗ್ಯಾಸ್ ಹಚ್ಚಿದೆ. ಅವನು ಹೇಳಿದ್ದರಲ್ಲಿ ಒಂದು ಪದವನ್ನೂ ತೆಗೆಯುವ ಹಾಗಿಲ್ಲ. ನನ್ನನ್ನು ದೂರ ಇಟ್ಟರೆ ಮಾತ್ರ ಅವನ ಕಣ್ಣು ಬಂದೀತು ಎಂಬ ಲೆಕ್ಕಕ್ಕೆ ಅವನು ಬಂದಿದ್ದಾನೆ. ಅವನ ಜಾಗದಲ್ಲಿ ನಾನಿದ್ದರೂ ಅದೇ ಲೆಕ್ಕಕ್ಕೆ ಬರುತ್ತಿದ್ದೆ. ಸೋಮವಾರ ರಜೆ ಅರ್ಜಿ ಬರೆಯಬೇಕು, ಮೂರು ದಿನಕ್ಕೆ ಮಾತ್ರ. ಹೋಗಿ ಬರಲು ಎರಡು, ಕಣ್ಣಿಗೆ ಒಂದು.

ಸಂಜೆ ಅನ್ನ, ಹೆಸರುಬೇಳೆ ಸಾರು, ಹುರಿದ ಮೆಣಸಿನಕಾಯಿ, ಮಜ್ಜಿಗೆ. ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡ, ಸಾರಿಗೆ ಖಾರ ಸಾಲದು ಅಂದ. ನನಗೆ ಅರ್ಧ ತಟ್ಟೆಯಾಯಿತು, ಉಳಿದದ್ದಕ್ಕೆ ನೀರು ಹಾಕಿಟ್ಟೆ. ಒಂಬತ್ತಕ್ಕೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನೇ ಮೊದಲು ನಿದ್ದೆ ಹೋದ.